ಜೋಕಾಲಿ ಅಕ್ಕನ ಪಕ್ಷಾಂತರ

ಈ ಬರಹಗಾರ ಅವಳನ್ನು ಮೊದಲ ಸಲ ನೋಡಿದ್ದು ಕೊಡೆ ಪಕ್ಷದ ವೇದಿಕೆಯ ಮೇಲೆ, ಕೊಡೆಯ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಳ್ಳುತ್ತಿದ್ದಾಗ. "ಮೊನ್ನೆ ಮೊನ್ನೆವರೆಗೂ ಗಂಟೆ ಪಕ್ಷದಲ್ಲಿದ್ದೋಳು" ಎಂದು ಪಕ್ಕದವರು ಪಿಸುಗುಟ್ಟಿದರು. ಅಷ್ಟೇ ಸಾಕಾಯಿತು. ಗಾಳಿ ಬಂದಾಗ ತೂರಿಕೊಳ್ಳುವ ಪೈಕಿ ಎಂದು ತೀರ್ಮಾನಿಸಿದ ಬರಹಗಾರ, ಮನೆಗೆ ಹೋಗಿ ಊರಿನ ಪತ್ರಿಕೆಗೊಂದು ಹಾಸ್ಯಲೇಖನ ಗೀಚಿ, ಅದರಲ್ಲಿ ಅವಳಿಗೆ 'ಜೋಕಾಲಿ ಅಕ್ಕ' ಎಂದು ಹೆಸರಿಟ್ಟ. ಲೇಖನವನ್ನು ಯಾರೂ ಓದಲಿಲ್ಲ. ಹೆಸರು ಮಾತ್ರ ಊರಿಡೀ ಅಂಟಿಕೊಂಡಿತು. ಅವಳು ಆ ಲೇಖನವನ್ನು ಕತ್ತರಿಸಿ ತನ್ನ ಅಂಗಡಿಯ ಗೋಡೆಗೆ ಅಂಟಿಸಿದಳು, ಬಿಟ್ಟಿ ಜಾಹೀರಾತು ಎಂದು. ತೂಗುವ ಜೋಕಾಲಿ ಯಾವುದು, ನೆಟ್ಟ ಕಂಬ ಯಾವುದು ಎಂಬುದು ಬರಹಗಾರನಿಗೆ ತಿಳಿಯಲು ಒಂಬತ್ತು ವರ್ಷ ಹಿಡಿಯಿತು.

ಅವಳದು ಲಾಂಡ್ರಿ. ಸರಕಾರಿ ಆಸ್ಪತ್ರೆಯ ಹಿಂಬಾಗಿಲಿಗೆ ಎದುರಾಗಿ ಎರಡು ಕೋಣೆ. ಹಿಂದಿನ ಕೋಣೆಯಲ್ಲಿ ಒಗೆಯುವ ದೊಡ್ಡ ಯಂತ್ರಗಳೆರಡು ಗುಡುಗುಡು ತಿರುಗುತ್ತವೆ. ಅವನ್ನು ನೋಡಿಕೊಳ್ಳುವವನು ಅವಳ ಗಂಡ; ಆ ಸದ್ದಿನಲ್ಲಿ ಮೂವತ್ತು ವರ್ಷ ಕಳೆದು, ಮಾತಾಡಿ ಪ್ರಯೋಜನವಿಲ್ಲ ಎಂಬ ಸತ್ಯವನ್ನು ಕಂಡುಕೊಂಡ ಮನುಷ್ಯ. ಮುಂದಿನ ಕೋಣೆಯಲ್ಲಿ ಕೌಂಟರು, ಉದ್ದನೆಯ ಮೇಜು, ಹಬೆ ಉಗುಳುವ ಇಸ್ತ್ರಿಪೆಟ್ಟಿಗೆ, ಅವಳು. ಅಂಗಡಿಗೆ ಬರುವ ಬಟ್ಟೆ ಎರಡೇ ಬಗೆ: ಬೆಳಗ್ಗೆ ಆಸ್ಪತ್ರೆಯ ಹಾಸು ಹೊದಿಕೆಗಳ ಗಂಟು, ಸಂಜೆ ಊರ ಗಣ್ಯರ ಬಿಳಿ ಅಂಗಿ. ಎರಡರಲ್ಲೂ ಕಲೆ ಇರುತ್ತದೆ. ಇದೆ ಎಂದು ಆಸ್ಪತ್ರೆಯವರು ಒಪ್ಪಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಅವಳ ರಾಜಕೀಯ ಶುರುವಾದದ್ದು ಹನ್ನೆರಡು ವರ್ಷದ ಹಿಂದೆ. ಗಂಟೆ ಪಕ್ಷದ ಕಾರ್ಯದರ್ಶಿಯೊಬ್ಬ, ತಲೆ ತುಂಬ ಕೂದಲು, ಕೈ ತುಂಬ ಕರಪತ್ರ, ಅಂಗಡಿಗೆ ಬಂದ. ಮನೆಮನೆಗೂ ಒಂದು ಚಿಕಿತ್ಸೆಯ ಕಾರ್ಡು. ಮನೆಯವರೂ ಒಂದಿಷ್ಟು ಹಣ ಹಾಕಬೇಕು, ಉಳಿದದ್ದು ಸರಕಾರದ್ದು. ನನಗೆ ಬೇಡ ಎನ್ನುವ ಹಾಗಿಲ್ಲ, ನಿನಗಿಲ್ಲ ಎನ್ನುವ ಹಾಗೂ ಇಲ್ಲ. ಇದು ಗಂಟೆಯವರ ಯೋಜನೆ. ದಿನಾ ಆಸ್ಪತ್ರೆಯ ಹಾಸು ಒಗೆಯುವವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ನಿಂತ ಕಾಲಲ್ಲೇ ಸದಸ್ಯಳಾದಳು. ಕೊಡೆಯವರು ಬೀದಿಗಿಳಿದು "ಇದು ಜನರ ಮೇಲಿನ ದಬ್ಬಾಳಿಕೆ" ಎಂದು ಗಂಟಲು ಹರಿದುಕೊಂಡರು. ಚುನಾವಣೆಯಲ್ಲಿ ಗೆದ್ದವರೂ ಕೊಡೆಯವರೇ. ಗೆದ್ದು ಎರಡು ವರ್ಷಕ್ಕೆ ಅದೇ ಯೋಜನೆಯನ್ನು, ನೆತ್ತಿಯ ಮೇಲೊಂದು ಕೊಡೆಯ ಚಿತ್ರ ಬಿಡಿಸಿ, ತಾವೇ ತಂದರು. ಈಗ ಬೀದಿಗಿಳಿಯುವ ಸರದಿ ಗಂಟೆಯವರದು. ಅವರಿಗೆ ಹೊಸ ಘೋಷಣೆ ಹುಡುಕುವ ಕಷ್ಟವೂ ಬರಲಿಲ್ಲ. 'ದಬ್ಬಾಳಿಕೆ' ಬೀದಿಯಲ್ಲೇ ಬಿದ್ದಿತ್ತು, ಎತ್ತಿಕೊಂಡರು.

ಆಗ ಅವಳು ಗಂಟೆಯ ಬಿಲ್ಲೆ ಕಳಚಿಟ್ಟು ಕೊಡೆಯ ಬಿಲ್ಲೆ ಹಾಕಿಕೊಂಡಳು. ಬರಹಗಾರ ನೋಡಿ ನಕ್ಕದ್ದು ಅದನ್ನೇ.

ಯೋಜನೆ ಬಂದಿದೆ ಎಂದು ಪತ್ರಿಕೆಗಳು ಬರೆದವು. ನಿಜವಾಗಿಯೂ ಬಂದಿದೆ ಎಂದು ಅವಳಿಗೆ ಹೇಳಿದ್ದು ಬೆಳಗಿನ ಗಂಟು. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡುವ ಡಯಾಲಿಸಿಸ್ ವಾರ್ಡಿನಿಂದ ದಿನಕ್ಕೆ ಆರು ಹಾಸು ಬರುತ್ತಿದ್ದದ್ದು ಹದಿನೆಂಟಾಯಿತು. ಒಬ್ಬರಿಗೆ ಒಂದು ಹಾಸು, ಲೆಕ್ಕದಲ್ಲಿ ಮೋಸವಿಲ್ಲ. ಆಮೇಲೊಮ್ಮೆ ಕೊಡೆಯ ಮುಖಂಡರಿಗೆ ಕಾರ್ಡಿನ ಮೇಲಿನ ತಮ್ಮ ಭಾವಚಿತ್ರ ತೀರ ಚಿಕ್ಕದಾಯಿತು ಅನ್ನಿಸಿತು. ಹಳೆಯ ಕಾರ್ಡು ರದ್ದಾಗಿ, ಮುಖ ದೊಡ್ಡದಾದ ಹೊಸ ಕಾರ್ಡು ಅಚ್ಚಾಗಿ ಬರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ವಾರ್ಡಿನ ಗಂಟು ಸೊರಗಿತ್ತು. ಹನ್ನೆರಡನೆಯ ದಿನ ಮತ್ತೆ ತುಂಬಿಕೊಂಡು ಬಂತು. ಬಿಚ್ಚಿ ಎಣಿಸಿದರೆ ಹದಿನಾರು. ಅವಳು ಇನ್ನೊಮ್ಮೆ ಎಣಿಸಿದಳು. ಎರಡು ಹಾಸು ಮತ್ತೆ ಬರಲೇ ಇಲ್ಲ.

ಐದು ವರ್ಷದಿಂದ ಆ ಹಾಸುಗಳಲ್ಲೊಂದು ಅವಳ ಅತ್ತಿಗೆಯದು. ಅತ್ತಿಗೆ ಎಂದರೆ ಗಂಡನ ಅಕ್ಕ. ಅಂಗಡಿಯ ಮೇಲಿನ ಮನೆಯಲ್ಲೇ ವಾಸ. ಅತ್ತಿಗೆಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಉಪ್ಪು ಹೆಚ್ಚಾಯಿತು ಎಂಬಲ್ಲಿಂದ ಶುರುವಾದ ಜಗಳ ಸರಕಾರ ಬೀಳಿಸುವವರೆಗೆ ಹೋಗುತ್ತಿತ್ತು. ಏಕೆಂದರೆ ಅತ್ತಿಗೆ ಅಪ್ಪನ ಕಾಲದಿಂದ ಗಂಟೆ ಪಕ್ಷ. ಕೊಡೆಯ ಕಾರ್ಡು ತೋರಿಸಿ ಚಿಕಿತ್ಸೆ ಪಡೆಯುವುದು ಎಷ್ಟು ಅವಮಾನವೆಂದರೆ, ಕಾರ್ಡಿನ ಮೇಲಿದ್ದ ಕೊಡೆಗೂ ಮುಖಂಡರ ಮುಖಕ್ಕೂ ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿದ್ದರು.

"ನಾನು ಹುಟ್ಟಿದ್ದು ಗಂಟೇಲಿ, ಸಾಯೋದೂ ಗಂಟೇಲೇ. ನಿನ್ನ ಹಾಗೆ ಊಟಕ್ಕೊಂದು ಎಲೆ, ಕೈ ತೊಳೆಯೋಕೊಂದು ಕಡೆ ಅಲ್ಲ," ಎನ್ನುತ್ತಿದ್ದರು.

"ಬೇಡ ಅಂದೋರು ಯಾರು ಅತ್ತಿಗೆ? ಮಂಗಳವಾರ, ಗುರುವಾರ, ಶನಿವಾರ ಬಿಟ್ಟು ಯಾವತ್ತು ಬೇಕಾದ್ರೂ ಗಂಟೆ ಬಾರಿಸಿ. ಆ ಮೂರು ದಿನ ಮಾತ್ರ ತೆಪ್ಪಗೆ ಕೊಡೆ ಕೆಳಗೆ ಮಲಗಿ."

ಅತ್ತಿಗೆ ಹಾಗೆಯೇ ಮಾಡುತ್ತಿದ್ದರು. ಶನಿವಾರ ನಾಲ್ಕು ಗಂಟೆ ಹೊತ್ತು ಯಂತ್ರಕ್ಕೆ ಅಂಟಿಕೊಂಡು ಮಲಗಿ, ಭಾನುವಾರ ಗಂಟೆ ಪಕ್ಷದ ಸಭೆಗೆ ಹೋಗಿ "ಯೋಜನೆ ರದ್ದಾಗಲಿ" ಎಂದು ಕೂಗಿ ಬರುತ್ತಿದ್ದರು. ಕೂಗಿ ಸುಸ್ತಾದವರನ್ನು ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದವಳು ಇವಳೇ.

"ಅತ್ತಿಗೆ, ಅದು ರದ್ದಾದ್ರೆ ನಿಮಗೇನಾಗತ್ತೆ, ಯೋಚನೆ ಮಾಡಿದೀರಾ?"

"ನಮ್ಮೋರು ನಮ್ಮ ಕೈ ಬಿಡ್ತಾರೇನೇ? ರದ್ದಾಗೋದು ಅವರಿಗೆ, ನಮಗಲ್ಲ."

ಈ ವರ್ಷ ಗಂಟೆಯವರು ಗೆದ್ದರು. ಮೊದಲ ಅಧಿವೇಶನದಲ್ಲೇ ಯೋಜನೆ ರದ್ದು ಎಂದು ಸಾರಿದರು. ರದ್ದಿನ ಮಸೂದೆ ಬರೆಯುವ ಸಮಿತಿಗೆ ಅಧ್ಯಕ್ಷರಾದವರು ಈ ಊರಿನ ಶಾಸಕರೇ; ಹನ್ನೆರಡು ವರ್ಷದ ಹಿಂದೆ ಕರಪತ್ರ ಹಿಡಿದು ಬಂದಿದ್ದ ಅದೇ ಕಾರ್ಯದರ್ಶಿ. ಕೂದಲು ಹೋಗಿತ್ತು, ಅಧಿಕಾರ ಬಂದಿತ್ತು. ಕಾಲರು ಕತ್ತಿಯ ಅಲುಗಿನಂತೆ ನಿಲ್ಲದಿದ್ದರೆ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲವಾದ್ದರಿಂದ ಅವಳು ಅವರನ್ನು ಗಂಡನ ಹತ್ತಿರ ಕಾಲರ್ ಸಾಹೇಬರು ಎನ್ನುತ್ತಿದ್ದಳು.

ಅಧಿವೇಶನಕ್ಕೆ ಹೊರಡುವ ಮುನ್ನ ಸಾಹೇಬರು ಆರು ಅಂಗಿ ಹಿಡಿದು ಖುದ್ದಾಗಿ ಬಂದರು. ಕಾಲರಿನ ವಿಷಯವನ್ನು ಅವರು ಇನ್ನೊಬ್ಬರ ಕೈಗೆ ಬಿಡುವವರಲ್ಲ.

"ಏನಕ್ಕ, ಇನ್ನೂ ಕೊಡೆ ಹಿಡ್ಕೊಂಡೇ ನಿಂತಿದೀರಾ? ಮಳೆ ನಿಂತು ಹೋಯ್ತಲ್ಲ."

"ನಿಂತಿದೆ ಅಂತ ನೀವು ಹೇಳ್ತೀರಿ ಸಾರ್. ನಮ್ಮನೇಲಿ ಇನ್ನೂ ಸೋರ್ತಿದೆ."

ಜೇಬು ಖಾಲಿ ಮಾಡದೆ ಬಟ್ಟೆ ತೆಗೆದುಕೊಳ್ಳುವ ಪದ್ಧತಿ ಅವಳ ಅಂಗಡಿಯಲ್ಲಿಲ್ಲ. ಒಂದು ಅಂಗಿಯ ಜೇಬಿನಲ್ಲಿ ಮಡಿಸಿದ ಹಾಳೆಗಳು ಸಿಕ್ಕವು. ಓದದೆ ಹಾಗೆಯೇ ಮುಂದೆ ಚಾಚಿದಳು.

"ಓದಿದ್ರೂ ತಪ್ಪಿಲ್ಲ," ಎಂದು ಸಾಹೇಬರು ಬಿಡಿಸಿ, ಕನ್ನಡಕ ಏರಿಸಿ, ಕೌಂಟರನ್ನೇ ಸಭೆ ಎಂದುಕೊಂಡು ಓದಿದರು: "ಜನರ ಮೇಲೆ ದಬ್ಬಾಳಿಕೆ ನಡೆಸುವ ಈ ಯೋಜನೆಯನ್ನು ಬೇರುಸಹಿತ ಕಿತ್ತೊಗೆಯುತ್ತೇವೆ. ಹೇಗಿದೆ?"

"ಚೆನ್ನಾಗಿದೆ. ಆದ್ರೆ ಹಳೇದು," ಎಂದ ಅವಳು ಗುಂಡಿ ಹಾಕಿಡುವ ಡ್ರಾಯರನ್ನು ಎಳೆದು, ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ತಳಕ್ಕೆ ಹಾಸಿದ್ದ ಕಾಗದವನ್ನು ಎತ್ತಿದಳು. ಹಳದಿ ತಿರುಗಿದ ಕರಪತ್ರ. ಮೂಲೆಯಲ್ಲಿ ಕೂದಲಿರುವ ಒಂದು ಚಿತ್ರ.

ಸಾಹೇಬರು ಮೊದಲು ನೋಡಿದ್ದು ಕೂದಲನ್ನು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಓದಿದರು. ಮನೆಮನೆಗೂ ಕಾರ್ಡು. ಬೇಡ ಎನ್ನುವ ಹಾಗಿಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ. ಒಳಗಿನ ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತು. ಗಂಡ ಕಿವಿಯನ್ನು ಇತ್ತ ಕೊಟ್ಟಿದ್ದ.

"ಇದನ್ನ ಪೇಪರ್‌ನೋರಿಗೆ ಕೊಡ್ತೀನಿ ಅಂತ ಹೆದರಿಸ್ತಿದೀರಾ?"

"ಕೊಟ್ರೆ ಏನಾಗತ್ತೆ? ಒಂದಿನ ನಗ್ತಾರೆ, ಮಾರನೇ ದಿನ ಆ ಪೇಪರಲ್ಲೇ ಏನಾದ್ರೂ ಕಟ್ಕೊಂಡು ಹೋಗ್ತಾರೆ. ನಾನು ಕೇಳೋದು ಬೇರೆ. ನಿಮ್ಮನೆಯಿಂದ ಕಳುವಾದ ಸಾಮಾನು ಕಳ್ಳನ ಮನೇಲಿ ಸಿಕ್ತು ಅಂತಿಟ್ಕೊಳ್ಳಿ. ಅದಕ್ಕೆ ಬೆಂಕಿ ಹಚ್ತೀರಾ, ಮನೆಗೆ ತರ್ತೀರಾ?"

ಸಾಹೇಬರು ಕರಪತ್ರವನ್ನು ಇನ್ನೊಮ್ಮೆ ತಿರುವಿ ನೋಡಿದರು.

"ಅವರು ಕದ್ದದ್ದನ್ನ ನಾವು ವಾಪಸ್ ತರ್ತಿದೀವಿ ಅಂತ..." ಎಂದು ಮೆಲ್ಲಗೆ ರುಚಿ ನೋಡುವವರಂತೆ ಅಂದರು. ಮುಖ ಅರಳಿತು. ಇನ್ನೆರಡು ನಿಮಿಷಕ್ಕೆ ಆ ಉಪಾಯ ತಮಗೇ ಹೊಳೆದದ್ದು ಎಂಬ ಭಾವ ಅವರ ಕಾಲರಿನವರೆಗೂ ಏರಿತು. ಅವಳು ಅಡ್ಡ ಬರಲಿಲ್ಲ. ಒಂದೇ ಒಂದು ಮಾತಿಗೆ ಮಾತ್ರ ಪಟ್ಟು ಹಿಡಿದು ಕೂತಳು.

"ಹೆಸರು ಬದಲಾಯಿಸಿ, ಬಣ್ಣ ಬದಲಾಯಿಸಿ, ನಿಮ್ಮ ಮುಖಾನ ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡದು ಹಾಕ್ಕೊಳ್ಳಿ. ಆದ್ರೆ ಹೊಸ ಕಾರ್ಡು ಕೈಗೆ ಬರೋವರೆಗೂ ಹಳೇ ಕಾರ್ಡು ನಡೀಬೇಕು. ಒಂದಿನಾನೂ ತಪ್ಪಬಾರದು. ಅದನ್ನ ಮಸೂದೇಲೇ ಬರೀಬೇಕು."

"ಒಂದು ವಾರ ಹತ್ತು ದಿನ ಹೆಚ್ಚು ಕಡಿಮೆ ಆದ್ರೆ ಏನಕ್ಕ?"

ಹೋದ ಸಲದ ಹನ್ನೊಂದು ದಿನವನ್ನೂ ಮತ್ತೆ ಬಾರದ ಎರಡು ಹಾಸನ್ನೂ ಅವಳು ಹೇಳಿದಳು. ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಭಾಷಣದ ಹಿಂಬದಿಗೆ ಬರೆದುಕೊಂಡರು. ಬರೆದ ಮೇಲೆ, ರಾಜಕಾರಣಿ ಎಂದ ಮೇಲೆ ಕೇಳದಿರಲಾಗದೆ, ತಮ್ಮ ಪಾಲನ್ನೂ ಕೇಳಿದರು: ಮಸೂದೆ ಪಾಸಾದ ಮೇಲೆ ಒಂದು ಸಭೆ, ಅಲ್ಲಿ ಜೋಕಾಲಿ ಅಕ್ಕ ಎಲ್ಲರೆದುರಿಗೆ ಗಂಟೆ ಪಕ್ಷಕ್ಕೆ ಮರಳಬೇಕು. ಕೊಡೆಯವರ ಮಹಿಳಾ ಘಟಕದ ಪದಾಧಿಕಾರಿಯಾದ ಅವಳೇ ಬಂದರೆ ಅದರ ತೂಕವೇ ಬೇರೆ.

ಆ ಪದವಿ ಅವಳಿಗೆ ಇಷ್ಟವಾಗಿತ್ತು. ಸಭೆಗಳಲ್ಲಿ ಮುಂದಿನ ಕುರ್ಚಿ, ಅವಳು ಬಾಯಿ ತೆರೆದರೆ ಹತ್ತು ಜನ ಕೇಳುವುದು, ಲಾಂಡ್ರಿಯವಳು ಎನ್ನದೆ ಮೇಡಂ ಎನ್ನುವುದು. ಬಿಟ್ಟರೆ ಊರು ಏನೆಂದು ನಗುತ್ತದೆ ಎಂಬುದೂ ಗೊತ್ತಿತ್ತು. ಗೋಡೆಯ ಮೇಲೆ ಅಂಟಿಸಿಯೇ ಇತ್ತಲ್ಲ. ಅವಳು ಸುರಿದ ಗುಂಡಿಗಳನ್ನು ಒಂದೊಂದಾಗಿ ಡ್ರಾಯರಿಗೆ ಹಾಕಿದಳು. ಕೊನೆಯ ಗುಂಡಿಯೂ ಒಳಗೆ ಬಿದ್ದ ಮೇಲೆ ಅಂದಳು:

"ಆಗ್ಲಿ. ಆದ್ರೆ ಮೊದಲು ಒಗೆತ, ಆಮೇಲೆ ಇಸ್ತ್ರಿ. ಮಸೂದೆ ಪಾಸಾಗ್ಲಿ, ಆಮೇಲೆ ವೇದಿಕೆ."

ಸದನದಲ್ಲಿ ಕಾಲರ್ ಸಾಹೇಬರು ಕರಪತ್ರವನ್ನು ಎತ್ತಿ ಹಿಡಿದು, "ನಮ್ಮ ಮನೆಯ ಮಗುವನ್ನು ಕದ್ದೊಯ್ದಿದ್ದರು, ಇಂದು ಮರಳಿ ತರುತ್ತಿದ್ದೇವೆ" ಎಂದು ಕಣ್ಣೊರೆಸಿಕೊಂಡರು. ಕೊಡೆಯವರಿಗೆ ದಿಕ್ಕು ತೋಚಲಿಲ್ಲ. ಮಗು ನಮ್ಮದೇ ಎನ್ನೋಣವೆಂದರೆ ಅದಾಗಲೇ ಅವರ ಸೊಂಟದ ಮೇಲಿತ್ತು. ಕೊನೆಗೆ ಎದ್ದುನಿಂತು, ಇದು ಜನರ ಮೇಲಿನ ದಬ್ಬಾಳಿಕೆ ಎಂದು ಕೂಗಿ ಹೊರನಡೆದರು. ಮಸೂದೆ ಪಾಸಾಯಿತು. ಹೊಸದು ಬರುವವರೆಗೆ ಹಳೆಯ ಕಾರ್ಡು ನಡೆಯತಕ್ಕದ್ದು ಎಂಬ ಸಾಲು ಏಳನೆಯ ಪುಟದಲ್ಲಿತ್ತು. ಎರಡೂ ಪಕ್ಷದವರು ಅಷ್ಟು ದೂರ ಓದಿರಲಿಲ್ಲವಾದ್ದರಿಂದ ಅದಕ್ಕೆ ಯಾರ ವಿರೋಧವೂ ಬರಲಿಲ್ಲ.

ಹೊಸ ಕಾರ್ಡು ಬರಲು ಐದು ವಾರ ಹಿಡಿಯಿತು. ಆ ಐದು ವಾರವೂ ಅವಳು ಬೆಳಗಿನ ಗಂಟನ್ನು ತಾನೇ ಬಿಚ್ಚಿದಳು. ಮೊದಲ ದಿನ ಎಷ್ಟು ಹಾಸು ಇದ್ದವೋ ಕೊನೆಯ ದಿನವೂ ಅಷ್ಟೇ. ಗಂಟೆಯ ಚಿತ್ರದ ಕಾರ್ಡು ಕೈಗೆ ಬಂದಾಗ ಅತ್ತಿಗೆ ಅದನ್ನು ಕಣ್ಣಿಗೆ ಒತ್ತಿಕೊಂಡರು. ಆ ಗುರುವಾರ ಆಸ್ಪತ್ರೆಯಿಂದ ಬಂದು, "ನೋಡೇ, ನಮ್ಮ ಸರಕಾರ ಬಂದ ಮೇಲೆ ರಕ್ತ ಎಷ್ಟು ಚೆನ್ನಾಗಿ ಶುದ್ಧ ಆಗ್ತಿದೆ" ಎಂದರು.

"ಹೌದು ಅತ್ತಿಗೆ. ಮುಖದಲ್ಲಿ ಕಳೆ ಬಂದಿದೆ."

"ಕೊನೆಗೂ ನಿನಗೆ ಬುದ್ಧಿ ಬಂತಲ್ಲ, ಅಷ್ಟು ಸಾಕು."

ಅವಳು ಅತ್ತಿಗೆಯ ಕಾಲಿನ ಕೆಳಗೆ ದಿಂಬು ಸರಿಸಿದಳು.

ಸಭೆಯ ದಿನ ಬೆಳಗ್ಗೆ ಗಂಡ ಯಂತ್ರ ನಿಲ್ಲಿಸಿ ಹೊರಗೆ ಬಂದ. "ಕೆಲಸ ಆಯ್ತಲ್ಲ. ಇವತ್ತು ಹೋಗದೆ ಇದ್ರೆ ಅವರೇನು ಮಾಡ್ತಾರೆ?"

"ಏನೂ ಮಾಡಲ್ಲ. ಆದ್ರೆ ನಾಳೆ ಮತ್ತೆ ಕೇಳೋದಿರತ್ತಲ್ಲ, ಆಗ ನನ್ನ ಮಾತಿಗೆ ಬೆಲೆ ಬೇಡ್ವಾ?" ಎಂದು ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಮೈದಾನದಲ್ಲಿ ಅವಳು ವೇದಿಕೆ ಹತ್ತುವಾಗಲೇ ಹಿಂದಿನ ಸಾಲುಗಳಿಂದ "ಜೋಕಾಲಿ, ಜೋಕಾಲಿ" ಎಂಬ ಕೂಗು ಎದ್ದಿತು. ಕೊಡೆಯವರು ಅಂದು ಬೆಳಗ್ಗೆಯೇ ತಮ್ಮ ಅಂಗಿಗಳನ್ನೆಲ್ಲ ಬೇರೆ ಲಾಂಡ್ರಿಗೆ ಹೊತ್ತುಕೊಂಡು ಹೋಗಿದ್ದರು. ಅವಳ ಕಿವಿ ಕೆಂಪಾದದ್ದು ಮೂರನೆಯ ಸಾಲಿನಲ್ಲಿದ್ದ ಬರಹಗಾರನಿಗೂ ಕಾಣಿಸಿತು. ನಡಿಗೆ ಮಾತ್ರ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ಅತ್ತಿಗೆ ಚಪ್ಪಾಳೆ ತಟ್ಟುತ್ತಿದ್ದರು. ಕಾಲರ್ ಸಾಹೇಬರು ಗಂಟೆಯ ಬಿಲ್ಲೆಯನ್ನು ತಾವೇ ಅವಳಿಗೆ ಕೊಟ್ಟು, ಇಷ್ಟು ಜನ ಸೇರಿರುವಾಗ ಏನಾದರೂ ದೊಡ್ಡ ಮಾತು ಬೇಕೆನ್ನಿಸಿ, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

"ಹೇಳಿ ಅಕ್ಕ, ಜನರೆದುರಿಗೆ ಹೇಳಿ. ಸಮಯ ಬಂದ್ರೆ ಈ ಪಕ್ಷಕ್ಕೋಸ್ಕರ ಪ್ರಾಣ ಕೊಡ್ತೀರಾ?"

"ಇಲ್ಲ ಸಾರ್," ಎಂದಳು ಅವಳು. "ಪ್ರಾಣ ಉಳಿಸ್ಕೊಳ್ಳೋಕೆ ಅಂತಾನೇ ಸೇರಿದ್ದು."