ಸೆರಗಿನಂಚಿನ ಗಂಟು

ಸೀರೆ ಮಡಚುವಾಗ ಒಂದು ತುದಿ ಹಿಡಿದು ನಿಲ್ಲುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಇದಕ್ಕಿಂತ ಹೆಚ್ಚಿನ ಜವಾಬ್ದಾರಿಯನ್ನು ನನ್ನ ಹೆಂಡತಿ ಶಾಂತಾ ನನಗೆ ವಹಿಸಿದ್ದು ನೆನಪಿಲ್ಲ. ಬೇರೆ ಸೀರೆಗಳಾದರೆ ಯಾವ ತುದಿ ಕೊಟ್ಟರೂ ಹಿಡಿದೇನು. ಕಪ್ಪು ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆಯೊಂದು ಹೊರಬಂದಾಗ ಮಾತ್ರ ಸೆರಗೇ ಬೇಕೆಂದು ಹಟ ಮಾಡುತ್ತೇನೆ. ಒಡಲು ಮುಗಿದು ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸುತ್ತ ಹೋದರೆ, ಅಂಚಿನಿಂದ ಒಂದು ಗೇಣು ಒಳಗೆ, ಅರ್ಧ ಸಾಸಿವೆಯಷ್ಟು ದಪ್ಪನೆಯ ಗಂಟೊಂದು ತಾಗುತ್ತದೆ. ಅದರ ಸಂಗತಿ ನಿಮಗೆ ಹೇಳಬೇಕು. ಹೇಳುತ್ತ ಹೇಳುತ್ತ ನನಗೂ ಅರ್ಥವಾದೀತೆಂಬ ಆಸೆ ಇದೆ.

ಆ ಸೀರೆ ನೇಯ್ದವನು ನನ್ನ ಗೆಳೆಯ ಸಂಗಪ್ಪ. ಇಳಕಲ್ಲಿನ ಒಂದೇ ಓಣಿಯಲ್ಲಿ ಬೆಳೆದವರು ನಾವು. ಅವನು ತನ್ನಪ್ಪನ ಕುಣಿಮಗ್ಗದ ಮುಂದೆ, ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತ. ನಾನು ಹುನಗುಂದದ ಕೋರ್ಟಿನಲ್ಲಿ ನಕಲು ಗುಮಾಸ್ತನಾಗಿ ಅಲ್ಲೇ ಬಿಡಾರ ಹೂಡಿದೆ. ಅಸಲು ಕಾಗದ ನೋಡಿ ನಕಲು ಬರೆಯುವುದು, ಎರಡನ್ನೂ ಅಕ್ಷರಕ್ಕಕ್ಷರ ಒಪ್ಪಿಟ್ಟು ನೋಡುವುದು, ‘ನಕಲು ಅಸಲಿನಂತಿದೆ’ ಎಂದು ಸಹಿ ಹಾಕುವುದು, ಇಷ್ಟೇ ನನ್ನ ಉದ್ಯೋಗ. ಅಸಲಿನಲ್ಲಿ ತಪ್ಪಿದ್ದರೆ ತಪ್ಪನ್ನೂ ಹಾಗೆಯೇ ಇಳಿಸಬೇಕು, ತಿದ್ದುವ ಅಧಿಕಾರ ನಮಗಿಲ್ಲ ಎಂದು ನಾನು ಒಮ್ಮೆ ದೊಡ್ಡಸ್ತಿಕೆಯಿಂದ ವಿವರಿಸಿದಾಗ ಸಂಗಪ್ಪ ಮಗ್ಗ ನಿಲ್ಲಿಸಿ ನಕ್ಕಿದ್ದ.

“ಲೇ ಬಸ್ಯಾ, ಭಾಳ ಚೊಲೋ ನೌಕರಿ ಲೇ ನಿಂದು. ತಪ್ಪು ಬರದ್ರೂ ಪಗಾರ ಕೊಡ್ತಾರ!”

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಭಾನುವಾರ ಬಂತೆಂದರೆ ನಾನು ಇಳಕಲ್ಲಿನ ಬಸ್ಸು ಹತ್ತುತ್ತಿದ್ದೆ. ನಮ್ಮೂರ ಸೀರೆಯ ಒಡಲಿಗೆ ಉದ್ದಕ್ಕೆ ಎಳೆಯುವ ಹಾಸುನೂಲೇ ಬೇರೆ, ಸೆರಗಿನ ರೇಷ್ಮೆ ಹಾಸೇ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ, ಒಂದೊಂದೇ ಎಳೆಯನ್ನು ಜೋಡಿಸಿದ ಮೇಲೆಯೇ ಸೆರಗು ನೇಯುವುದು. ಈ ಜೋಡಣೆಗೆ ಕೊಂಡಿ ಎನ್ನುತ್ತಾರೆ, ಎದುರುಬದುರು ಇಬ್ಬರು ಕೂತು ಮಾಡುವ ಕೆಲಸ ಅದು. ದಿನಾಲು ಸಂಗಪ್ಪನ ಎದುರು ಕೂರುತ್ತಿದ್ದವಳು ಅವನ ಹೆಂಡತಿ ನೀಲವ್ವ. ಭಾನುವಾರ ನಾನು ಹೋದೊಡನೆ ಅವಳನ್ನು ಚಹಾಕ್ಕೆ ಎಬ್ಬಿಸಿ ಆ ಜಾಗದಲ್ಲಿ ನಾನು ಕೂತುಬಿಡುತ್ತಿದ್ದೆ. ವಾರವೆಲ್ಲ ಮಸಿ ಮೆತ್ತಿದ ಬೆರಳುಗಳಿಗೆ ಅಲ್ಲಿ ಬಣ್ಣ ಸಿಗುತ್ತಿತ್ತು. ಬಡ ಗೆಳೆಯನಿಗೆ ಅರ್ಧ ದಿನದ ಕೆಲಸ ಹಗುರ ಮಾಡಿಕೊಟ್ಟೆನೆಂಬ ಹೆಮ್ಮೆಯಲ್ಲಿ ಸಂಜೆ ಹಿಂತಿರುಗುತ್ತಿದ್ದೆ.

ನನ್ನ ಮದುವೆ ಗೊತ್ತಾದಾಗ ಹೆಣ್ಣಿಗೆಂದು ಅವನು ಈ ಕಪ್ಪು ಸೀರೆಯನ್ನು ಮಗ್ಗಕ್ಕೆ ಹಾಕಿದ. ಕೊಂಡಿ ಹಾಕುತ್ತಿದ್ದಾಗ, ಶಾಲೆಯಿಂದ ಬಾದಾಮಿಗೆ ಹೋದ ದಿನ ಮಂಗವೊಂದು ನನ್ನ ಬುತ್ತಿ ಕಸಿದದ್ದನ್ನೂ, ನಾನು ಅದಕ್ಕೆ ಬಹುವಚನದಲ್ಲಿ ‘ಕೊಡ್ರಿ’ ಎಂದು ಬೇಡಿಕೊಂಡದ್ದನ್ನೂ ಅವನು ಅಭಿನಯಿಸಿ ತೋರಿಸಿದ. ನಕ್ಕು ನಕ್ಕು ಕಣ್ಣು ಮಂಜಾಗಿ ನಾನು ಎರಡು ಎಳೆಗಳನ್ನು ಒಂದೇ ಕುಣಿಕೆಗೆ ಹಾಕಿಬಿಟ್ಟೆ, ಅಲ್ಲೊಂದು ಗಂಟು ಬಿತ್ತು. ಬಿಚ್ಚಲು ಹೋದರೆ ಕೈ ಹಿಡಿದ. “ಇರ್ಲಿ ಬಿಡಲೇ. ನಿನ್ನ ಗುರ್ತು ಅದು.” ಮದುವೆಯ ದಿನದಿಂದ ಶಾಂತಾಳಿಗೆ ಆ ಗಂಟನ್ನು ಎಷ್ಟು ಸಲ ತೋರಿಸಿದ್ದೇನೋ.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಸಂಗಪ್ಪ ಎದೆ ಹಿಡಿದುಕೊಂಡ. ಬಾಗಲಕೋಟೆಯ ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತೇವೆ. ವಿಭೂತಿ ಹಚ್ಚಿಕೊಂಡು ಅವನು ಕುಣಿಯಲ್ಲಿ ಕೂತದ್ದನ್ನು ಕಂಡಾಗ, ಇವನು ಕೆಲಸಕ್ಕೆ ಕೂತಿದ್ದಾನಲ್ಲ, ಎದುರಿನ ಜಾಗ ಖಾಲಿ ಇದೆಯಲ್ಲ ಎಂದು ನನಗೆ ತಲೆಬುಡವಿಲ್ಲದ ಗಾಬರಿಯಾಯಿತು. ಅಳು ಮಾತ್ರ ಬರಲಿಲ್ಲ.

ಒಂದೆರಡು ತಿಂಗಳ ಮೇಲೆ ನೀಲವ್ವನನ್ನು ಮಾತಾಡಿಸಲು ಹೋದೆವು. ಶಾಂತಾ ಅದೇ ಸೀರೆ ಉಟ್ಟಿದ್ದಳು. ನೀಲವ್ವನಿಗೆ ಸಮಾಧಾನವಾಗಲೆಂದು ನಾನು ಸೆರಗೆಳೆದು ಗಂಟು ತೋರಿಸಿ, “ನೋಡವಾ, ನಾ ಹಾಕಿದ ಗಂಟು ಇನ್ನೂ ಐತಿ” ಎಂದೆ. ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ಮಣ್ಣು ಮಾಡಿದ ದಿನದಿಂದ ಬಿಗಿದುಕೊಂಡಿದ್ದ ಅವಳ ಮುಖದಲ್ಲಿ ನಗೆ ಮೂಡಿತು.

“ಸಿಟ್ಟಾಗಬ್ಯಾಡ್ರಿ ಅಣ್ಣಾರ. ಇದು ನಿಮ್ದಲ್ರಿ. ನೀವು ಬಸ್ ಹತ್ತಿದ ಮ್ಯಾಲೆ ನೀವು ಹಾಕಿದ್ದ ಕೊಂಡಿ ಎಲ್ಲಾ ಬಿಚ್ಚಿ, ನಾವಿಬ್ರೂ ಮತ್ತ ಹಾಕ್ತಿದ್ವಿ. ಭಾಳ ಸಡ್ಲ ಇರ್ತಿದ್ವು.”

“ಪ್ರತಿ ವಾರ?”

“ಹೂಂರಿ. ಈ ಸೀರಿದೂ ಬಿಚ್ಚಿದ್ವಿ. ಆದ್ರ ಆ ಗಂಟು ಎಲ್ಲಿತ್ತಂತ ಎಳಿ ಎಣಿಸಿ ಇಟ್ಕೊಂಡು, ಅವರೇ ಮತ್ತ ಅಲ್ಲೇ ಹಾಂಗ ಹಾಕಿದ್ರು. ‘ಬಸ್ಯಾ ಹುಡುಕ್ತಾನ, ಸಿಗದಿದ್ರ ಮಾರಿ ಸಣ್ಣದು ಮಾಡ್ತಾನ’ ಅಂದ್ರು.”

ಶಾಂತಾ ನಕ್ಕಳು, ನಾನೂ ನಕ್ಕೆ, ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹುನಗುಂದದವರೆಗೂ ಬಸ್ಸಿನಲ್ಲಿ ಸಿಟ್ಟಿನಿಂದ ಲೆಕ್ಕ ಹಾಕುತ್ತಲೇ ಇದ್ದೆ. ಎಷ್ಟು ಭಾನುವಾರ! ನಾನು ಕೊಟ್ಟದ್ದು ಅರ್ಧ ದಿನದ ನೆರವಲ್ಲ, ಬಿಚ್ಚಿ ಮತ್ತೆ ಹಾಕುವ ಇಮ್ಮಡಿ ಕೆಲಸ. ಅವನೇಕೆ ಹೇಳಲಿಲ್ಲ? ಕೋರ್ಟಿನವನೆಂಬ ಮುಲಾಜೇ? ಹಾಗಾದರೆ ನಾನು ಗೆಳೆಯನೋ, ವಾರಕ್ಕೊಮ್ಮೆ ಬಂದು ಕೂರುವ ಪೀಡೆಯೋ? ಕೇಳೋಣವೆಂದರೆ ಉತ್ತರ ಹೇಳುವವನೇ ಇಲ್ಲ. ಸತ್ತವನ ಮೇಲೆ ಸಿಟ್ಟು ಮಾಡುವುದು ಬೀಗ ಹಾಕಿದ ಮನೆಯ ಮುಂದೆ ನಿಂತು ಜಗಳವಾಡಿದಂತೆ. ಮುಲಾಜಿದ್ದವನು ಸದ್ದಿಲ್ಲದೆ ಬಿಚ್ಚಿ ಸರಿಮಾಡಿ ಸುಮ್ಮನಾಗುತ್ತಿದ್ದ, ಸರಿಮಾಡಿದ್ದರ ನಡುವೆ ನನ್ನ ತಪ್ಪನ್ನು ಎಣಿಸಿ ಕೂರಿಸುತ್ತಿರಲಿಲ್ಲ ಎಂದು ಒಂದು ದಿನ ಅನಿಸುತ್ತದೆ. ಮರುದಿನ ಅದೂ ಅವನ ಒಂದು ಚೇಷ್ಟೆಯೇ ಇರಬಹುದೆಂದು ಅನಿಸುತ್ತದೆ. ನನ್ನಲ್ಲಿ ಇನ್ನೂ ತೀರ್ಪಾಗಿಲ್ಲ.

ನಿನ್ನೆ ಆ ಸೀರೆ ಮತ್ತೆ ಮಡಚಲು ಬಂತು. ಸೆರಗು ಹಿಡಿದೆ, ಗೆರೆಯ ಮೇಲೆ ಬೆರಳು ಎಂದಿನಂತೆ ಹೋಗಿ ನಿಂತಿತು. ಜನ್ಮವೆಲ್ಲ ನಕಲು ಒಪ್ಪಿಟ್ಟು ನೋಡಿದವನು ನಾನು. ಇದೊಂದನ್ನು ಒಪ್ಪಿಟ್ಟು ನೋಡೋಣವೆಂದರೆ ನನ್ನ ಅಸಲನ್ನೇ ಅವನು ಬಿಚ್ಚಿಹಾಕಿದ್ದಾನೆ. ಉಳಿದದ್ದು ಅವನ ಕೈಯದು. ಇಷ್ಟು ವರ್ಷ ನನ್ನದೆಂದು ನಾನು ಸವರುತ್ತಿದ್ದದ್ದು ಅವನ ಬೆರಳಾಡಿದ ಜಾಗವನ್ನು. ಮಣ್ಣಿನ ದಿನ ಬಾರದ ಅಳು ಆಗ ಬಂತು.

ಆ ತುದಿಯಿಂದ ಶಾಂತಾ ಎರಡು ಸಲ ಜಗ್ಗಿದಳು. “ಬಿಡ್ರಿ ಇನ್ನ, ಮಡಚೂಣು.”

“ತಡಿ,” ಎಂದೆ, “ಸಂಗಪ್ಪ ಅದಾನ ಇಲ್ಲಿ.”