ಹೌದಪ್ಪನ ಚಾವಡಿಯ ಕೋ-ಪೈಲಟ್

ಮಹಡಿಯ ಕೋಣೆಗೆ ಬಣ್ಣ ಹೊಡೆಯಲು ಬಂದ ಪೇಂಟರ್ ಮೊನ್ನೆ ಬೆಳಿಗ್ಗೆ ಗೋಡೆ ಕೆರೆಯುತ್ತಾ, "ಇದೆಂತ ಸರ್, ಗೋಡೆಗೆ ಸ್ವಿಚ್ಚಿನ ಚಿತ್ರ ಅಂಟ್ಸಿದ್ದು? ಕೆರೆದ್ರೂ ಬರಲ್ಲ" ಎಂದು ಗೊಣಗಿದ. ಮೈದಾ ಗಂಜಿಯಲ್ಲಿ ಅಂಟಿಸಿದ್ದು, ಸುಲಭಕ್ಕೆ ಬರುವುದಿಲ್ಲ. ಅದು ವಿಮಾನದ ಚೂರು ಎಂದರೆ ಅವನು ನಂಬುತ್ತಿರಲಿಲ್ಲ. ನೀವಾದರೂ ನಂಬಿ. ಎರಡು ವರ್ಷದ ಹಿಂದೆ ಸಾಗರದ ನಮ್ಮ ಮನೆಯ ಆ ಕೋಣೆಯಲ್ಲಿ ಹದಿನೈದು ದಿನ ಜೆಟ್ ವಿಮಾನ ಹಾರಿದೆ. ಅದಕ್ಕೆ ಕೋ-ಪೈಲಟ್ ನಾನೇ.

ನನ್ನ ಕಸುಬು ಡ್ರೈವಿಂಗ್ ಸ್ಕೂಲು. ನಾನು ಗಾಳಿಯಲ್ಲಿ ಹಾರಿದ್ದೇನಿದ್ದರೂ ಶಿಷ್ಯರು ರಸ್ತೆ ಉಬ್ಬು ಹತ್ತಿಸಿದಾಗ ಮಾತ್ರ. ನಿಜವಾದ ಪೈಲಟ್ ಎಂದರೆ ಸುಧಕ್ಕ, ನನ್ನ ದೊಡ್ಡಮ್ಮನ ಮಗಳು, ತೀರ್ಥಹಳ್ಳಿ ಕಡೆಯ ಅರಳಸುರಳಿಯವಳು. ಬೆಂಗಳೂರಿನ ಉದ್ಯಮಿಯೊಬ್ಬರ ಎಂಟು ಸೀಟಿನ ಜೆಟ್ಟನ್ನು ಹದಿಮೂರು ವರ್ಷ ಹಾರಿಸಿದವಳು. ಆ ಯಜಮಾನರು ಅದನ್ನು ಮಾರಿ ಹೊಸ ಮಾದರಿಯದನ್ನು ಕೊಂಡರು. ಕಾರಿನ ಹಾಗೆ ಕೀಲಿ ಇಸಕೊಂಡು ಹೊರಡುವ ವ್ಯವಹಾರವಲ್ಲ ಅದು. ಮಾದರಿ ಬದಲಾದರೆ ಪೈಲಟ್ ಮತ್ತೆ ಮೊದಲಿಂದ ಓದಬೇಕು, ಸಿಮ್ಯುಲೇಟರ್ ಎಂಬ ನೆಲದ ಮೇಲಿನ ನಕಲಿ ವಿಮಾನದಲ್ಲಿ ಕೂತು ಪಾಸಾಗಬೇಕು. ಅವಳಿಗೆ ಸಿಕ್ಕಿದ್ದು ಒಂದೇ ಅವಕಾಶ. ಫೇಲಾದರೆ ಆ ಮಾದರಿ ಬಲ್ಲ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಯಜಮಾನರ ಕಚೇರಿಯವರು ಹೇಳಿಬಿಟ್ಟಿದ್ದರು. ಸುಧಕ್ಕನಿಗೆ ಆಗ ನಲವತ್ತೊಂಬತ್ತು.

"ಈ ವಯಸ್ಸಲ್ಲಿ ಹಳೇ ಮಾಡೆಲ್ ಪೈಲಟ್ ಯಾರಿಗೆ ಬೇಕು ಮಾರಾಯ? ಹದಿನೈದು ದಿನ ನಿಮ್ಮನೇಲಿ ಕೂತು ಓದ್ತೀನಿ. ಮಹಡಿ ಕೋಣೆ ಖಾಲಿ ಮಾಡ್ಸು" ಎಂದಳು ಫೋನಿನಲ್ಲಿ. ನಾನು ಹೂಂ ಅಂದೆ. ಅವಳು ಹೇಳಿದ್ದಕ್ಕೆ ಹೂಂ ಅನ್ನುವುದು ನನಗೆ ಚಿಕ್ಕಂದಿನ ಅಭ್ಯಾಸ. ರಜೆಗೆ ಅರಳಸುರಳಿಗೆ ಹೋದಾಗ ಒಮ್ಮೆ ಸೈಕಲ್ಲಿನ ಬ್ರೇಕ್ ಸರಿಯಿದೆ ಅಂದಳು, ಹೂಂ ಅಂದೆ. ಇಳಿಜಾರಿನಲ್ಲಿ ಸೀದಾ ಗದ್ದೆಯ ಕೆಸರಿಗೆ ಬಿದ್ದು ಎದ್ದ ಮೇಲೂ ಬ್ರೇಕ್ ಸರಿಯಾಗೇ ಇತ್ತೆಂದು ದೊಡ್ಡಮ್ಮನ ಹತ್ತಿರ ವಾದಿಸಿದವನು ನಾನು.

ಬಂದವಳೇ ಗೋಡೆಗೆ ಕಾಕ್‌ಪಿಟ್ಟಿನ ನಿಜ ಅಳತೆಯ ಚಿತ್ರ ಅಂಟಿಸಿದಳು. ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ನಡುವೆ ಅಕ್ಕಿ ಡಬ್ಬಿಗೆ ಸಿಕ್ಕಿಸಿದ ಎರಡು ಮರದ ಸೌಟು, ಎಡ ಇಂಜಿನ್ನಿಗೊಂದು, ಬಲ ಇಂಜಿನ್ನಿಗೊಂದು. ಮಧ್ಯಾಹ್ನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಅತ್ತಿಗೆ, ಬಲದ ಇಂಜಿನ್ ಒಂಚೂರು ಕೊಡ್ತೀರಾ, ಹುಳಿ ತಿರುವ್ಬೇಕು" ಎಂದು ಕೇಳುತ್ತಿದ್ದಳು.

ಯಾವುದಾದ ಮೇಲೆ ಯಾವ ಸ್ವಿಚ್ಚು ಎಂಬ ಪಟ್ಟಿಯನ್ನು ನಾನು ಓದಬೇಕು, ಅವಳು ಚಿತ್ರದ ಆಯಾ ಜಾಗ ಮುಟ್ಟಿ ಉತ್ತರ ಹೇಳಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕಲಿತ ಗುಣವೂ ಅಷ್ಟೇ. ಹದಿಮೂರು ವರ್ಷದ ಕೈ ಹಳೆಯ ಜಾಗಕ್ಕೇ ಓಡುತ್ತಿತ್ತು. ಓಡಿದಾಗೆಲ್ಲ ಸುಧಕ್ಕ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಮೊದಲಿಂದ ಓದು" ಅನ್ನುತ್ತಿದ್ದಳು. ಸಿಟ್ಟಿಲ್ಲ, ಬೇಸರವಿಲ್ಲ. ದಿನಕ್ಕೆ ನಲವತ್ತು ಸಲವಾದರೂ ಸರಿ, ಮೊದಲಿಂದ. ಶಿಷ್ಯರು ಎರಡನೇ ಸಲ ಗೇರು ತಪ್ಪಿಸಿದರೆ ಹಣೆ ಚಚ್ಚಿಕೊಳ್ಳುವ ನನಗೆ ನಾಚಿಕೆಯಾಯಿತು. ಅಷ್ಟು ಬಲ್ಲವಳು ಮತ್ತೆ ಒಂದನೇ ಕ್ಲಾಸಿನ ಬೆಂಚಿಗೆ ಕೂತ ರೀತಿ ನೋಡಿ ಅವಳ ಮೇಲಿದ್ದ ಗೌರವ ಇಮ್ಮಡಿಯಾಯಿತು.

ಒಂಬತ್ತನೇ ದಿನ ಇಂಜಿನ್ನಿಗೆ ಬೆಂಕಿ ಹತ್ತಿದಾಗಿನ ಪಾಠ. ಬೆಂಕಿ ಬಿದ್ದ ಇಂಜಿನ್ನನ್ನು ಆರಿಸಬೇಕು. ಆದರೆ ಒಬ್ಬರೇ ಆರಿಸುವಂತಿಲ್ಲ. ಒಬ್ಬರು ಆ ಇಂಜಿನ್ನಿನ ಹಿಡಿ ಹಿಡಿದು ಇದೇ ತಾನೇ ಎಂದು ಕೇಳಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಕನ್ಫರ್ಮ್ ಅನ್ನಬೇಕು. ಆಮೇಲೇ ಎಳೆಯುವುದು. ನಾನು "ಎಡದ ಇಂಜಿನ್ ಬೆಂಕಿ" ಎಂದು ಕೂಗಿದೆ. ಸುಧಕ್ಕ ಸೌಟು ಹಿಡಿದು, "ಎಡದ್ದು, ಕನ್ಫರ್ಮ್?" ಎಂದಳು.

"ಕನ್ಫರ್ಮ್" ಎಂದೆ. ಅವಳು ಎಳೆದಳು.

ಎಳೆದದ್ದು ಬಲದ ಸೌಟು. ಚೆನ್ನಾಗಿದ್ದ ಇಂಜಿನ್ನನ್ನೇ ಆರಿಸಿದ್ದೆವು.

"ನನ್ನ ಟೆಸ್ಟ್ ಮಾಡೋಕೆ ಬೇಕಂತ್ಲೇ ಎಳೆದ್ಯಾ ಅಕ್ಕ?" ಎಂದು ನಕ್ಕೆ. ಅವಳು ನಗಲಿಲ್ಲ. ಸೌಟನ್ನೇ ನೋಡುತ್ತಿದ್ದಳು.

"ಇಲ್ಲ ಮಾರಾಯ. ನಂಗೆ ಗೊತ್ತೇ ಆಗ್ಲಿಲ್ಲ. ಹೊಸದ್ರಲ್ಲಿ ಬೆಂಕಿ ದೀಪ ಎಲ್ಲಿ ಬರ್ತದೆ ಅಂತ ಹುಡುಕ್ತಿದ್ದೆ, ಕೈ ಸಿಕ್ಕಿದ್ದನ್ನ ಹಿಡೀತು." ನನ್ನ ಕಡೆ ತಿರುಗಿ ಕೇಳಿದಳು, "ನೀನು ನೋಡಿದ್ಯಾ?"

ನೋಡಿದ್ದೆ. ಅದೇ ಕಷ್ಟದ ವಿಷಯ. ಅವಳ ಕೈ ಬಲಕ್ಕೆ ಹೋದದ್ದನ್ನು ಕಣ್ಣಾರೆ ನೋಡಿದ್ದೆ. ಸುಧಕ್ಕ ಹಿಡಿದಿದ್ದಾಳೆಂದರೆ ಅದೇ ಎಡ ಇರಬೇಕು, ನನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡು ಹೂಂಗುಟ್ಟಿದ್ದೆ. ಹಾಗೇ ಹೇಳಿದೆ.

"ಹೌದಪ್ಪನ ಚಾವಡೀಲಿ ಅಲ್ಲಪ್ಪನ್ನ ಕೇಳೋರು ಯಾರು ಅಂತಾರಲ್ಲ" ಎಂದಳು ನಿಧಾನವಾಗಿ. "ಚಾವಡಿ ಕಟ್ಟಿದ್ದು ನಾನೇ ಕಣೋ. ಬೈದು ಬೈದು ನಿಂಗೆ ಹೂಂ ಅನ್ನೋದು ಕಲ್ಸಿದ್ದು ನಾನು. ಸಿಮ್ಯುಲೇಟರಲ್ಲಿ ನನ್ನ ಪಕ್ಕ ಕೂರೋಳು ಇಪ್ಪತ್ತೇಳರ ಹುಡುಗಿ. ಅವಳೂ ಹೀಗೇ ಹೂಂ ಅಂದ್ರೆ ನನ್ನ ಕೆಲಸ ಹೋಯ್ತು. ಆಕಾಶದಲ್ಲಾದ್ರೆ ಜೀವವೇ."

ಉಳಿದ ದಿನಗಳಲ್ಲಿ ಅವಳ ಜೊತೆ ನಾನೂ ಕಲಿತೆ. ಅವಳು ಬೇಕೆಂದೇ ತಪ್ಪು ಸೌಟು ಹಿಡಿಯುವಳು, ನಾನು ಅಲ್ಲ ಅನ್ನಬೇಕು. ಮೊದಲೆರಡು ದಿನ ನನ್ನ ಬಾಯಿಂದ ಬಂದದ್ದು, "ಅಕ್ಕ, ಅದು... ಬಲದ್ದೇನೋ ಅಂತ..." ಅಷ್ಟೇ. "ಅಷ್ಟೊತ್ತಿಗೆ ಸುಟ್ಟು ಬೂದಿ!" ಎಂದು ಬೈಯುವಳು. ಅಲ್ಲ ಅನ್ನುವ ಎರಡಕ್ಷರಕ್ಕೆ ನನಗೆ ಐದು ದಿನ ಬೇಕಾಯಿತು.

ತಿಂಗಳ ಮೇಲೆ ಫೋನು ಬಂತು. "ಪಾಸು ಕಣೋ!" ನನಗೆ ಕಣ್ಣು ತುಂಬಿತು. ಪರೀಕ್ಷೆಯಲ್ಲಿ ಬೆಂಕಿಯ ಪಾಠವೇ ಬಂತಂತೆ. ಕೈ ಮತ್ತೆ ತಪ್ಪು ಹಿಡಿಗೇ ಹೋಯಿತಂತೆ. ಪಕ್ಕದ ಹುಡುಗಿ ತಟ್ಟನೆ, "ನೋ ಮೇಡಂ, ಬಲದ್ದು ಹಿಡ್ದಿದೀರಿ" ಅಂದಳಂತೆ. ಸುಧಕ್ಕ ಕೈ ತೆಗೆದು ಸರಿಯಾದದ್ದನ್ನು ಹಿಡಿದು ಮತ್ತೆ ಕೇಳಿದಳಂತೆ. ಹಾಗೆ ನಿಂತು ತಿದ್ದಿಕೊಂಡದ್ದನ್ನು ಪರೀಕ್ಷಕರು ಮೆಚ್ಚಿಕೊಂಡರಂತೆ.

"ಅವಳಿಗೆ ಧೈರ್ಯ ಎಲ್ಲಿಂದ ಬಂತು ಅಕ್ಕ?"

"ಮೊದಲ್ನೇ ದಿನವೇ ನಿನ್ನ ಕಥೆ ಹೇಳಿದ್ದೆ" ಎಂದು ನಕ್ಕಳು.

ಪೇಂಟರ್ ಗೋಡೆ ಕೆರೆದ ಆ ದಿನವೇ ಸಂಜೆ, ಹೊಸನಗರ ಕಡೆಯ ಟೀಚರೊಬ್ಬರಿಗೆ ಪೇಟೆಯಲ್ಲಿ ಕಾರು ಕಲಿಸುತ್ತಿದ್ದೆ. ಎಡಕ್ಕೆ ತಿರುಗಿಸಿ ಎಂದೆ. ಅವರು ಬ್ರೇಕ್ ಒತ್ತಿ ನಿಲ್ಲಿಸಿದರು. "ಇಲ್ಲ ಸರ್. ಈ ರಸ್ತೆ ಒನ್ ವೇ ಮಾಡಿದ್ದಾರೆ. ಬೋರ್ಡ್ ಉಂಟಲ್ಲ. ನಾ ತಿರುಗ್ಸಲ್ಲ" ಎಂದರು, ಹೆದರುತ್ತಲೇ. ಆ ಎಡ ರಸ್ತೆಯ ಒಳಗಿನಿಂದಲೇ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಬಂದು ನಮ್ಮ ಮೂತಿಯ ಮುಂದೆ ಹಾದುಹೋಯಿತು.

"ನಾನು ನೋಡ್ತೀನಾ ಇಲ್ವಾ ಅಂತ ಬೇಕಂತ್ಲೇ ಹೇಳಿದ್ರಾ ಸರ್?" ಎಂದು ಕೇಳಿದರು.

ಹೌದು ಅಂದುಬಿಡಬಹುದಿತ್ತು. ಇಪ್ಪತ್ತೆರಡು ವರ್ಷದ ಮೇಷ್ಟರ ಮರ್ಯಾದೆ ಉಳಿಯುತ್ತಿತ್ತು.

"ಅಲ್ಲಮ್ಮ" ಎಂದೆ. "ನಾನು ನಿಜಕ್ಕೂ ಬೋರ್ಡ್ ನೋಡಿರ್ಲಿಲ್ಲ."