ಪಕ್ಕದ ಸೀಟಿನ ಬ್ರೇಕ್

ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವಾಕೆಗೆ ಶಿಷ್ಯರು ಇಟ್ಟ ಹೆಸರು ಬ್ರೇಕ್ ಅಕ್ಕ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ, ಶಿಷ್ಯರು ಗಡಬಡಿಸಿದರೆ ಒತ್ತಲಿಕ್ಕೆ. ಈಕೆ ಅಲ್ಲಿಯವರೆಗೆ ಕಾಯುವ ಜಾಯಮಾನದವಳಲ್ಲ. ಎಲ್ಲೋ ದೂರದಲ್ಲೊಂದು ನಾಯಿ ಬಾಲ ಅಲ್ಲಾಡಿಸಿದರೂ ಕಾರು ಮುಗ್ಗರಿಸಿ ನಿಲ್ಲುತ್ತಿತ್ತು. ಬೈಗುಳ ಬಿಟ್ಟಿ.

ಇಂಥವಳ ತಂಗಿಗೆ ಗಂಡ ಹೊಡೆಯುತ್ತಿದ್ದ. ಗೊತ್ತಾದ ದಿನವೇ ಅಕ್ಕ ಟೊಂಕ ಕಟ್ಟಿಕೊಂಡು ಹೋಗಿ, ಬೀದಿಯವರೆಲ್ಲ ಕಿಟಕಿಗೆ ಬರುವಂತೆ ಅವನ ಜನ್ಮ ಜಾಲಾಡಿ, ಬರಲೊಲ್ಲದ ತಂಗಿಯನ್ನು ಎಳೆದು ತಂದಳು. ಗೆದ್ದ ಖುಷಿಗೆ ಗಡದ್ದಾಗಿ ಉಂಡು ಗೊರಕೆ ಹೊಡೆದಳು. ಬೆಳಿಗ್ಗೆ ನೋಡಿದರೆ ತಂಗಿಯ ಹಾಸಿಗೆ ಮಡಿಸಿಟ್ಟಿತ್ತು. ಆಮೇಲೆ ಫೋನ್ ಮಾಡಿದಾಗಲೆಲ್ಲ ಗಂಡನೇ ಎತ್ತಿದ. ಅಕ್ಕನ ವೀರಾವೇಶಕ್ಕೆ ಏಟು ತಿಂದವಳು ತಂಗಿ.

ವರ್ಷದ ಮೇಲೆ ತಂಗಿ ತಾನಾಗಿಯೇ ಸ್ಕೂಲಿಗೆ ಬಂದಳು.

"ಅವರೇ ಕಳ್ಸಿದ್ರು. ಕುಡಿದು ಬರುವಾಗ ಓಡ್ಸೋಕೆ ಯಾರಾದ್ರೂ ಬೇಕಂತೆ. ನಿನ್ನ ಹತ್ರ ಆದ್ರೆ ಫೀಸ್ ಇಲ್ವಲ್ಲ."

ಆ ಮಹಾನುಭಾವನಿಗೆ ಅಕ್ಕನ ಮೇಲಿನ ಸಿಟ್ಟಿಗಿಂತ ಜಿಪುಣತನ ದೊಡ್ಡದು.

"ಆದ್ರೆ ಅವರ ವಿಷಯ ಎತ್ತಿದ್ಯೋ, ನಾಳೆಯಿಂದ ನಾನು ಬರಲ್ಲ" ಎಂದಳು ತಂಗಿ.

ಅಕ್ಕನಿಗೆ ಇದಕ್ಕಿಂತ ಉಪವಾಸ ಸುಲಭವಿತ್ತು. ಗೇರ್ ಬದಲಿಸುವಾಗ ತಂಗಿಯ ಕುರ್ತಾದ ತೋಳು ಸರಿದು ಹಸಿರುಗಟ್ಟಿದ ಏಟು ಕಂಡರೆ, "ಕ್ಲಚ್ ಪೂರ್ತಿ ಒತ್ತೇ" ಎಂದಷ್ಟೇ ಹೇಳಿ ಉಳಿದದ್ದನ್ನು ನುಂಗುತ್ತಿದ್ದಳು. ಮನೆಗೆ ಬಂದು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದಳು. ನಾನು ಸುಮ್ಮನಿದ್ದರೆ ಅವನಿಗೇ ಅನುಕೂಲವಲ್ಲವೇ? ಬಾಯಿಬಿಟ್ಟರೆ ಇವಳು ಕೈತಪ್ಪುತ್ತಾಳಲ್ಲ? ಪಾತ್ರೆಗಳು ನೆಗ್ಗಿದವು.

ಒಂದು ದಿನ ತಂಗಿ ತುಟಿ ಊದಿಸಿಕೊಂಡು ಬಂದಳು. ಪಾಠ ಮುಗಿಸಿ ವಾಪಸಾಗುವಾಗ ಕೂಡುರಸ್ತೆ ಬಂತು. ಬಲಕ್ಕೆ ಹೋದರೆ ಅಕ್ಕನ ಮನೆ, ಎಡಕ್ಕೆ ಅವನದು. ಅಕ್ಕನ ಕಾಲು ಬ್ರೇಕಿನ ಮೇಲಿತ್ತು. ಒತ್ತಿ, ಕೀ ಕಿತ್ತುಕೊಂಡು, ಮತ್ತೊಮ್ಮೆ ಎಳೆದುಕೊಂಡು ಹೋದರಾಯಿತು. ತಂಗಿ ರಸ್ತೆ ಬಿಟ್ಟು ಅಕ್ಕನ ಕಾಲನ್ನೇ ನೋಡುತ್ತಿದ್ದಳು. ಎಡಗಡೆಯ ಇಂಡಿಕೇಟರ್ ಹಾಕಿದಳು.

ಅಕ್ಕ ಕಾಲನ್ನು ಹಿಂದಕ್ಕೆಳೆದು ಸೀಟಿನಡಿ ಸೇರಿಸಿದಳು. ಹಾಳಾದವಳು ಎಷ್ಟು ನಾಜೂಕಾಗಿ ತಿರುಗಿಸಿದಳೆಂದರೆ, ತಪ್ಪು ಹುಡುಕಿ ಬೈಯಲಿಕ್ಕೂ ಆಗಲಿಲ್ಲ.

ಅವನ ಮನೆ ಇನ್ನೂ ಸ್ವಲ್ಪ ದೂರವಿರುವಾಗ ತಂಗಿ ಕಾರು ನಿಲ್ಲಿಸಿದಳು.

"ಅಕ್ಕಾ, ಸದ್ದಾಗದ ಹಾಗೆ ನಮ್ಮನೆ ಗೇಟಿಂದ ಕಾರು ಹೊರಗೆ ತೆಗೆಯೋದು ಹೇಗೆ?"

ಅಕ್ಕ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟಳು.

"ಇಳಿಜಾರಿದ್ರೆ ಇಂಜಿನ್ ಬೇಡ ಕಣೇ. ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ರೆ ತಾನೇ ಉರುಳತ್ತೆ."

"ಇಳಿಜಾರಿದೆ" ಎಂದಳು ತಂಗಿ. "ನೋಡಿಟ್ಟಿದ್ದೀನಿ."